ಮಡಿಕೆಯೊಳಗಿನ ಕೆಂಪು

ತೀರಿಕೊಂಡ ಅಣ್ಣನ ಕೈಗೆ ಒಂದು ತುಂಡು ಚರ್ಮ ಕೊಡುವುದು ಹೇಗೆಂದು ತಿಳಿಯದೆ, ತಮ್ಮ ಅದನ್ನು ಜೇಬಿನಿಂದ ಅರ್ಧ ಎಳೆದು ಮತ್ತೆ ಒಳಕ್ಕೆ ತಳ್ಳಿದ. ಅಣ್ಣ ನಡುಮನೆಯ ಬೆಂಚಿನ ಮೇಲೆ ಮಲಗಿದ್ದ. ಹಳೇ ಕಾರುಗಳ ಸೀಟು ಹೊಲಿದು ಹೊಲಿದು ಸೊಟ್ಟಗಾದ ಹೆಬ್ಬೆರಳು ಈಗಲೂ ಸೊಟ್ಟಗೇ ಇತ್ತು.

"ಬಂದ್ಯಾ," ಎಂದರು ಅತ್ತಿಗೆ. ಹನ್ನೊಂದು ವರ್ಷದ ಮೇಲೆ ಅಷ್ಟೇ ಮಾತು.

ಬಾಗಿಲ ಹತ್ತಿರ ಪಕ್ಕದ ಗ್ಯಾರೇಜಿನ ಪೇಂಟರು ಮೆಕ್ಯಾನಿಕ್ಕಿಗೆ ಹೇಳುತ್ತಿದ್ದ. "ಇವನು ನನ್ನ ಮದುವೆಗೆ ಬಂದು ಏನಂದ ಗೊತ್ತಾ? ನಿನ್ನ ಕೋಟು ಪ್ಯಾಂಟು ಒಂದೇ ಥಾನಿನ ಬಟ್ಟೆ ಅಲ್ಲ ಕಣೋ, ಬಣ್ಣ ಬೇರೆ, ಅಂತ. ಇಡೀ ದಿನ ನನ್ನ ಹೆಂಡ್ತಿ ಪ್ಯಾಂಟೇ ನೋಡ್ತಿದ್ಳು."

"ಅಂಥ ಕಣ್ಣು. ಆಮೇಲೆ ಯಾಕೋ ಬರೀ ಕರೀ ಸೀಟಿಗೇ ಅಂಟ್ಕೊಂಡುಬಿಟ್ಟ."

"ನಾನೂ ಕೇಳಿದ್ದೆ. ನನ್ನ ಕಣ್ಣು ಸುಳ್ಳು ಹೇಳುತ್ತೆ ಕಣೋ, ಕಪ್ಪಾದ್ರೆ ಹೊಂದಿಸೋ ತಲೆನೋವಿಲ್ಲ, ಅಂದ."

ಜೇಬಿನೊಳಗೆ ತಮ್ಮನ ಮುಷ್ಟಿ ಬಿಗಿಯಾಯಿತು.

*

ಹನ್ನೊಂದು ವರ್ಷದ ಹಿಂದೆ, ಅಣ್ಣ ತಮ್ಮ ಒಟ್ಟಿಗೆ ಹೊಲಿಯುತ್ತಿದ್ದಾಗ ಬಂದದ್ದು, ಊರಿನ ಡಾಕ್ಟರ ಅಪ್ಪನ ಕಾಲದ ಕಾರು. ಮೊದಲಿದ್ದ ಬಣ್ಣದಲ್ಲೇ ಸೀಟು ಬೇಕೆಂದಿದ್ದರು. ಹಳೇ ಸೀಟಿನ ಮೇಲ್ಮೈ ನೋಡಿ ತಮ್ಮ ಕಂದು ಚರ್ಮ ಹೊಲಿದಿಟ್ಟ. ಅಣ್ಣ ಹಳೇ ಸೀಟಿನ ಹೊಲಿಗೆಯ ತೂತಿನೊಳಗೆ ಇಣುಕಿ, "ಇದು ಕೆಂಪು ಕಣೋ. ಬಿಸಿಲಿಗೆ ಬಣ್ಣ ಸತ್ತಿದೆ," ಎಂದ.

"ಚಿಕ್ಕಂದಿನಿಂದ ನೋಡಿದೀನಿ, ಕಂದೇ," ಎಂದರು ಡಾಕ್ಟರು.

ಅಣ್ಣ ಕತ್ತರಿ ತಂದು, ಅವರೆದುರಿಗೇ ತಮ್ಮನ ಹೊಲಿಗೆ ಬಿಚ್ಚತೊಡಗಿದ.

ಅವಮಾನವಾಗಿ, ಆ ಹಳೇ ಸೀಟನ್ನೇ ಕೈಗಾಡಿಗೆ ಹೇರಿಕೊಂಡು ತಮ್ಮ ಅಣ್ಣನನ್ನು ಬಿಟ್ಟು ಹೊರಟುಹೋದ. ಹೋಲಿಸಿ ನೋಡಲು ಏನೂ ಉಳಿಯದೆ, ಅಣ್ಣ ಕೊನೆಗೆ ಹೊಸ ಚೌಕಟ್ಟಿನ ಮೇಲೆ ಕಂದೇ ಹೊಲಿದುಕೊಟ್ಟನಂತೆ.

ಎರಡು ವರ್ಷದ ಮೇಲೆ ತಮ್ಮ ಸ್ಪ್ರಿಂಗಿನ ಆಸೆಗೆ ಆ ಸೀಟಿನ ಅಡಿಯ ಮೊಳೆ ಕಿತ್ತ. ಚೌಕಟ್ಟಿನ ಕೆಳಗೆ ಮಡಚಿ ಬಡಿದಿದ್ದ ಅಂಚು, ಬಿಸಿಲೇ ಕಾಣದ್ದು, ದಾಳಿಂಬೆ ಕಾಳಿನ ಹಾಗೆ ಕೆಂಪಗಿತ್ತು. ಎರಡು ಬೆರಳಗಲ ಕತ್ತರಿಸಿ ಜೇಬಿಗಿಟ್ಟುಕೊಂಡ. ನಾಳೆ ಹೋಗಿ ತೋರಿಸೋಣ ಅಂದುಕೊಂಡ. ಮೊದಲು ಅವನೇ ಕರೆಯಲಿ ಅಂದುಕೊಂಡ. ಹಾಗೇ ಒಂಬತ್ತು ವರ್ಷ.

*

"ಗಾಡಿ ಬಂತು," ಎಂದ ಮೆಕ್ಯಾನಿಕ್ಕು.

ತಮ್ಮ ಜೇಬಿನಿಂದ ತುಂಡು ತೆಗೆದು ಅತ್ತಿಗೆಯ ಅಂಗೈಗಿಟ್ಟ. "ಡಾಕ್ಟರ ಕಾರಿಂದು ಅತ್ತಿಗೆ. ಅಣ್ಣ ಹೇಳಿದ್ದೇ ಸರಿ."

"ಯಾವಾಗ ಗೊತ್ತಾಯ್ತು?"

"ಒಂಬತ್ತು ವರ್ಷ ಆಯ್ತು."

ಅತ್ತಿಗೆ ಅದನ್ನು ಕಿಟಕಿಯ ಬೆಳಕಿಗೆ ಹಿಡಿದರು, ಅಣ್ಣ ಹಿಡಿಯುತ್ತಿದ್ದ ಹಾಗೇ. ಬೈಯಲಿಲ್ಲ. ಕಪಾಟಿನಿಂದ ಅವನ ದಪ್ಪ ಪುಸ್ತಕ ತಂದರು. ಹೊಲಿದ ಒಂದೊಂದು ಕಾರಿಗೂ ಒಂದೊಂದು ಹಾಳೆ, ಗುಂಡುಸೂಜಿಯಲ್ಲಿ ಚುಚ್ಚಿದ ಚರ್ಮದ ತುಂಡು. ಹಸಿರು, ಕೆನೆಬಣ್ಣ, ಇಟ್ಟಿಗೆ ಕೆಂಪು. ಡಾಕ್ಟರ ಕಾರಿನ ಹಾಳೆಯಲ್ಲಿ ಬರೀ ಸೂಜಿ, ತುಕ್ಕು ಹಿಡಿದು.

ತಮ್ಮ ತುಂಡನ್ನು ಅದಕ್ಕೆ ಸಿಕ್ಕಿಸಿದ. ಹಾಳೆ ಹೊರಳಿಸಿದ. ಮುಂದಿನ ಹಾಳೆಯಲ್ಲಿ ಕಪ್ಪು. ಅದರ ಮುಂದಿನದರಲ್ಲೂ ಕಪ್ಪು. ಕೊನೆಯ ಹಾಳೆವರೆಗೂ ಕಪ್ಪು.