ಎಡಗೈ ಹೊಲಿಗೆ

"ಇದು ನನ್ನ ಮಗನ ಕೈ ಅಲ್ಲ," ಅಂದಳು ಸತ್ತೆವ್ವ.

ಮಹಾಂತಪ್ಪ ಆಗಷ್ಟೇ ಕಾಗದ ಓದಿ ಮುಗಿಸಿ ಚಹಾದ ಬಟ್ಟಲಿಗೆ ಕೈ ಚಾಚಿದ್ದ. ಕಾಗದವೆಂದರೆ ಎಷ್ಟು? ನಾಲ್ಕು ಸಾಲು. ತಾಯಿ ತಂದೆಗೆ ಪ್ರಣಾಮ, ನಾನು ಇಲ್ಲಿ ಠೀಕ್ ಇದ್ದೇನೆ, ನೀವು ಫಿಕರ್ ಮಾಡಬೇಡಿ, ಮಗ ಗೂಳಪ್ಪ. ಮಾತು ಹಿಂದಿಯದು, ಅಕ್ಷರ ಮಾತ್ರ ಇಂಗ್ಲಿಷಿನವು. ಬ್ರಿಟಿಷರ ಕಾಲದಿಂದಲೂ ಪಲ್ಟಣದಲ್ಲಿ ಕಲಿಸುತ್ತ ಬಂದ ಬರಹ ಅದು. ದಾಂಡೇಲಿಯ ಆ ಕ್ವಾರ್ಟರ್ಸಿನ ಸಾಲಿನಲ್ಲಿ ಅದನ್ನು ಓದಿ ತಿಳಿಯಬಲ್ಲವನು ಮಹಾಂತಪ್ಪ ಒಬ್ಬನೇ. ಇಂಗ್ಲಿಷ್ ಬಲ್ಲ ಕಾರಕೂನರಿಗೆ ಆ ಹಿಂದಿ ಬಾರದು, ಹಿಂದಿ ಬಲ್ಲ ಲಾರಿ ಡ್ರೈವರುಗಳಿಗೆ ಆ ಅಕ್ಷರ ಬಾರದು. ಮಹಾಂತಪ್ಪ ಐದು ವರ್ಷ ಎರಡನೇ ಮಹಾಯುದ್ಧದಲ್ಲಿ ಇದ್ದು ಬಂದ ಮಾಜಿ ನಾಯಕ, ತೋಳಿಗೆ ಎರಡು ಪಟ್ಟಿಯ ದರ್ಜೆಯವನು. ಈಗ ಕಾಗದದ ಗಿರಣಿಯಲ್ಲಿ ಬಿದಿರು ಬರುವ ಗೇಟಿನ ಕಾವಲುಗಾರ.

"ಅವನ ಕೈ ಅಲ್ಲಂದ್ರ ಮತ್ತ್ಯಾರದು? ಕೆಳಗ ಹೆಸರು ಐತಿ ನೋಡು."

"ಹೆಸರು ಯಾರರ ಬರೀತಾರ."

ಸತ್ತೆವ್ವನಿಗೆ ಓದು ಬಾರದು. ಆದರೆ ರೊಟ್ಟಿಯ ಅಂಚು ನೋಡಿ ಅದನ್ನು ಯಾರು ಬಡಿದದ್ದೆಂದು ಹೇಳುವ ಹಾಗೆ ಆಕೆ ಮಗನ ಕಾಗದವನ್ನು ಗುರುತಿಸುತ್ತಿದ್ದಳು. ಗೂಳಪ್ಪ ಎಡಚ. ಕನ್ನಡ ಸಾಲಿಯ ಮಾಸ್ತರರು ಎಡಗೈ ಬೆರಳಿನ ಗೆಣ್ಣಿಗೆ ರೂಲುಕಟ್ಟಿಗೆಯಿಂದ ಹೊಡೆದರೂ ಅವನು ಅದರಲ್ಲೇ ಬರೆದು ಏಳನೇ ಇಯತ್ತೆ ಪಾಸಾಗಿದ್ದ. ಅವನ ಅಕ್ಷರಗಳೆಲ್ಲ ನೊಗಕ್ಕೆ ಬಾರದ ಹೋರಿಯಂತೆ ಹಿಂದಕ್ಕೆ ಜಗ್ಗುತ್ತಿದ್ದವು. ಪಲ್ಟಣಕ್ಕೆ ಸೇರಿ ಲಾರಿ ನಡೆಸತೊಡಗಿದ ಮೇಲೆ ಎರಡು ವರ್ಷ ಅಂಥ ಕಾಗದಗಳೇ ಬಂದವು, ಕನ್ನಡದಲ್ಲಿ, ಎರಡೆರಡು ಹಾಳೆ, ಲಾರಿಯ ಗೇರಿನಿಂದ ಹಿಡಿದು ಅಡಿಗೆಯವನ ಮೀಸೆಯವರೆಗೆ ಎಲ್ಲ ಸುದ್ದಿ. ಚೀನಾದವರ ಜೊತೆ ಯುದ್ಧವಾದ ಮೇಲೆ ಅವನ ಮೋಟಾರು ಕಂಪನಿ ಎಲ್ಲೋ ಹಿಮದ ಕಡೆ ಹೋಯಿತು. ಕಾಗದಗಳನ್ನು ಸಾಹೇಬರು ಒಡೆದು ಓದಿ ಆಮೇಲೆ ಮುಂದಕ್ಕೆ ಬಿಡುವ ಕಾಯಿದೆ ಬಂತು. ಆ ಕಂಪನಿಯಲ್ಲಿ ಕನ್ನಡ ಓದಬಲ್ಲ ಸಾಹೇಬನಿರಲಿಲ್ಲ. ಇವರು ಬರೆದ ಎರಡು ಕಾಗದ ಚೀಟಿ ಅಂಟಿಸಿಕೊಂಡು ಹೊಳ್ಳಿ ಬಂದವು: ಹಿಂದಿಯಲ್ಲಾಗಲಿ ಇಂಗ್ಲಿಷಿನಲ್ಲಾಗಲಿ ಬರೆಯಿರಿ. ಮೂರು ತಿಂಗಳು ಬಿಟ್ಟು ಅಲ್ಲಿಂದ ಬಂದದ್ದು ಈ ನಾಲ್ಕು ಸಾಲು.

"ಅಕ್ಷರಾನ ಬ್ಯಾರೆ ಅದಾವು, ಹುಚ್ಚಿ. ಇಂಗ್ಲಿಷ್ ಅಕ್ಷರ ಕನ್ನಡದಂಗ ಹೆಂಗ ಕಾಣತಾವು?"

"ರೊಟ್ಟಿ ಜ್ವಾಳದ್ದಿರಲಿ ಸಜ್ಜಿದಿರಲಿ, ಬಡದ ಕೈ ಒಂದ ಇರತೈತಿ. ಇವು ನೋಡ್ರಿ, ನೆಟ್ಟಗ ನಿಂತಾವು, ಸಣ್ಣ ಹುಡುಗ್ರು ಬರದಂಗ. ಯಾರೋ ಬರದು ಕಳಿಸ್ಯಾರ. ಅಳ್ನಾವರದ ಈರಕ್ಕನ ಮಗನ ಕಾಲು ಹೋಗಿದ್ದು ಆರು ತಿಂಗಳಾದ ಮ್ಯಾಲೆ ಗೊತ್ತಾತಿಲ್ಲೋ? ಅಲ್ಲೀತನಕಾ ಕಾಗದ ಬರತಿದ್ವು, ಠೀಕ್ ಅದೇನಿ ಠೀಕ್ ಅದೇನಿ ಅಂತ."

ಮಹಾಂತಪ್ಪನ ಚಹಾ ಆರಿಹೋಯಿತು. ಅವನಿಗೂ ಮಗನ ಇಂಗ್ಲಿಷ್ ಅಕ್ಷರದ ಗುರುತಿರಲಿಲ್ಲ. ಹೌದೆನ್ನಲು ಆಧಾರವಿಲ್ಲ, ಅಲ್ಲವೆನ್ನಲು ಧೈರ್ಯವಿಲ್ಲ.

ಆ ರವಿವಾರ ಉತ್ತರ ಬರೆಯಲು ಕೂತರು. ಸತ್ತೆವ್ವ ಗೋಡೆಗೆ ಒರಗಿ ಹೇಳುತ್ತ ಹೋದಳು. ಥಂಡಿಯಲ್ಲಿ ಕಿವಿ ಕಟ್ಟಿಕೊಳ್ಳುತ್ತಾನೋ ಇಲ್ಲವೋ, ಸಣ್ಣವನಿದ್ದಾಗ ಎಡಕಿವಿ ಸೋರುತ್ತಿತ್ತು, ಬಿಸಿ ಎಣ್ಣೆ ಬಿಟ್ಟರೆ ಸುಮ್ಮನಾಗುತ್ತಿದ್ದ. ಮೊನ್ನೆ ಕನಸಿನಲ್ಲಿ ಬಂದು ಕಟ್ಟೆಯ ಮೇಲೆ ಕೂತ, ಕರೆದರೂ ಒಳಗೆ ಬರಲಿಲ್ಲ. ಯಾಕೆ ಬರಲಿಲ್ಲವೆಂದು ಕೇಳಿರಿ.

ಮಹಾಂತಪ್ಪ ಪೆನ್ನು ಹಿಡಿದು ಬಹಳ ಹೊತ್ತು ಸೂರು ನೋಡಿದ. ಅವನಿಗೆ ಬರುತ್ತಿದ್ದ ಹಿಂದಿ ಬ್ಯಾರಕ್ಕಿನ ಹಿಂದಿ. ಎದ್ದೇಳು, ಸಾಫ್ ಮಾಡು, ಹಾಜರಾಗು, ಬಂದೂಕು ಕೆಳಗಿಡು. ಕನಸಿನಲ್ಲಿ ಮಗ ಕಟ್ಟೆಯ ಮೇಲೆ ಕೂತು ಒಳಗೆ ಬಾರದಿದ್ದರೆ ಅದಕ್ಕೆ ಯಾವ ಹವಾಲ್ದಾರನೂ ಅವನಿಗೆ ಶಬ್ದ ಕಲಿಸಿರಲಿಲ್ಲ. ಕೊನೆಗೆ ಒಂದು ಸಾಲು ಬರೆದ.

"ಏನ್ ಬರದ್ರಿ? ಓದ್ರಿ."

"ಮಾಂ ಠೀಕ್ ಹೈ. ಕಾನ್ ಸಾಫ್ ರಖೋ."

"ಹಂಗಂದ್ರ?"

"ತಾಯಿ ಆರಾಮ ಅದಾಳ. ಕಿವಿ ಸ್ವಚ್ಛ ಇಟಗೋ."

ಸತ್ತೆವ್ವ ಅವನನ್ನೇ ನೋಡಿದಳು. "ನಾ ಇಷ್ಟೊತ್ತು ಒದರಿದ್ದು ಇಷ್ಟಕ್ಕ ಏನ್ರಿ?"

"ಹಿಂದ್ಯಾಗ ಸಣ್ಣದಾಗತೈತಿ."

"ನಿಮ್ಮ ಹಿಂದಿಗೆ ಬರಗಾಲ ಬಡೀಲಿ."

ಸಿಟ್ಟು ಅವನಿಗೂ ಬಂತು. ಯಾರ ಮೇಲೆಂದು ಗೊತ್ತಾಗದ ಸಿಟ್ಟು ಹೆಂಡತಿಯ ಮೇಲೇ ಹರಿಯುವುದು ವಾಡಿಕೆ. ಕಾಯಿದೆ ಅಂದರೆ ಕಾಯಿದೆ, ದೇಶಕ್ಕೆ ದೇಶವೇ ಹಿಮದಲ್ಲಿ ನಿಂತಿರುವಾಗ ನಿನ್ನ ಒಬ್ಬಳ ಕನಸಿಗೆ ಸಾಹೇಬರನ್ನು ಕೂಡ್ರಿಸಬೇಕೇನು ಎಂದು ಒದರಾಡಿದ. ಆಕೆ ಬಗ್ಗಲಿಲ್ಲ. ಆಗ ಬಾಯಿ ಮುಚ್ಚಿಸಬೇಕೆಂದೇ ಅವನು ಇಫಾನನ ಕಥೆ ಹೇಳಿದ. ಹದಿನೆಂಟು ವರ್ಷಗಳಲ್ಲಿ ಮನೆಯಲ್ಲಿ ಎತ್ತಿರದಿದ್ದ ಹೆಸರು ಅದು.

ಇಟಲಿಯಲ್ಲಿ, ಗಾಯಾಳುಗಳ ಬಿಡಾರದ ಅಂಗಳದಲ್ಲಿ, ಮಹಾಂತಪ್ಪನ ಪಕ್ಕ ಬಿಸಿಲು ಕಾಯಿಸುತ್ತ ಕೂರುತ್ತಿದ್ದ ಕೆಂಪುಗೂದಲ ಹುಡುಗ ಇಫಾನ. ಮೊದಲು ಹಿಂದುಸ್ತಾನದಲ್ಲಿ, ದೇವಳಾಲಿಯ ದಂಡಿನಲ್ಲಿ ಎರಡು ವರ್ಷ ಇದ್ದು ಹರಕುಮುರುಕು ಹಿಂದುಸ್ತಾನಿ ಕಲಿತಿದ್ದ. ಮಹಾಂತಪ್ಪ ಅವನನ್ನು ಇಂಗ್ಲಿಷಿನವ ಎಂದು ಕರೆದಾಗ ಉಗುಳಿದ. ನಾನು ವೇಲ್ಸಿನವನು, ನಮ್ಮದು ಬೇರೆ ಭಾಷೆ, ನಮ್ಮವ್ವನಿಗೆ ಇಂಗ್ಲಿಷ್ ಒಂದಕ್ಷರ ಬಾರದು ಅಂದ. ಅವನು ತನ್ನ ಭಾಷೆಯಲ್ಲಿ ಬರೆದ ಕಾಗದಗಳು ಓದುವ ಸಾಹೇಬನಿಲ್ಲದೆ ತಿಂಗಳುಗಟ್ಟಲೆ ಕೊಳೆಯುತ್ತಿದ್ದವು. ಇಂಗ್ಲಿಷಿನಲ್ಲಿ ಬರೆ ಎಂದು ಹುಕುಂ ಆಯಿತು, ಬರೆದ. ಅವರವ್ವ ಅದನ್ನು ಚರ್ಚಿನ ಪಾದ್ರಿಯಿಂದ ಓದಿಸಿ, ಇದು ಯಾರು ಬರೆದದ್ದು, ನನ್ನ ಮಗ ಎಲ್ಲಿ ಎಂದು ಕೇಳಿ ಕಳಿಸಿದಳು.

"ಬಿಳೇ ಮಂದಿಗೂ ಹಂಗ?" ಸತ್ತೆವ್ವ ಒರಗಿದ್ದವಳು ನೆಟ್ಟಗೆ ಕೂತಳು. "ಮತ್ತ ಅವ ಏನ್ ಮಾಡಿದ?"

"ಅವರದು ಕುರಿ ಹಿಂಡಿನ ಮನಿ. ನಮ್ಮ ಕುರುಬರಂಗ ಅವರೂ ಕುರಿ ಕಿವಿ ಕತ್ತರಿಸಿ ಗುರತಾ ಮಾಡತಾರ, ಮನಿಗೊಂದು ನಮೂನಿ. ಅವ ಕಾಗದದ ಮೂಲಿ ಹಂಗ ಕತ್ತರಿಸಿ ಕಳಿಸಿದ. ಅಕ್ಷರಕ್ಕ ಮಸಿ ಬಳೀಬೌದು, ಕತ್ತರಿಸಿದ್ದಕ್ಕೇನ್ ಬಳೀತಾರ? ಅವ್ವಗ ತಿಳೀತು."

ತನ್ನ ಮಾತು ಎಲ್ಲಿಗೆ ಹೋಗಿ ನಿಂತಿತೆಂದು ಮಹಾಂತಪ್ಪನಿಗೆ ಹೊಳೆದದ್ದು ಆಮೇಲೆ. ಸತ್ತೆವ್ವ ಎದ್ದು ಒಳಗೆ ಹೋಗಿ, ಹಾಸಲು ಹೊದೆಯಲು ಹೊಲಿಯುತ್ತಿದ್ದ ಕೌದಿಯ ಹಳೆ ಅರಿವೆಗಳ ಗಂಟು ಬಿಚ್ಚಿದ್ದಳು.

ಆಕೆಗೆ ಹೆಣ್ಣುಮಕ್ಕಳಿಲ್ಲ. ಹಾಗಾಗಿ ಕೌದಿ ಹೊಲಿಯುವಾಗ ಎದುರಿನ ಅಂಚು ಹಿಡಿದು ಕೂತವನು ಗೂಳಪ್ಪನೇ. ಓಣಿಯ ಹುಡುಗರು ಗೂಳವ್ವಾ ಎಂದು ಕಾಡಿದರೂ ಸೂಜಿ ಬಿಟ್ಟವನಲ್ಲ. ಆಕೆಯ ಹೊಲಿಗೆ ಬಲಕ್ಕೆ ವಾಲಿದರೆ ಅವನದು ಎಡಕ್ಕೆ. ಮನೆಯ ಹಳೆಯ ಕೌದಿಯನ್ನು ಬಿಸಿಲಿಗೆ ಹಾಕಿದರೆ ಯಾವ ಸಾಲು ಯಾರದೆಂದು ಈಗಲೂ ತೋರಿಸಬಹುದಿತ್ತು. ಸತ್ತೆವ್ವ ಅಂಗೈಯಗಲದ ಒಂದು ದಪ್ಪ ತುಂಡು ಮಾಡಿ, ಬಿಸಿ ಕೆಟಲು ಹಿಡಿಯಲು ಬರುವಂಥದು, ಅರ್ಧ ಹೊಲಿದು, ದಾರ ಪೋಣಿಸಿದ ಸೂಜಿಯನ್ನು ಅದರಲ್ಲೇ ಚುಚ್ಚಿ ಬಿಟ್ಟಳು.

"ಇದನ್ನ ಕಳಸ್ರಿ. ಉಳಿದದ್ದು ಅವ ಹೊಲದು ಕಳಸಲಿ."

"ನನ್ನ ತಲಿ ತಗಸಾಕ ನಿಂತೀ ಏನು? ಗುಪ್ತ ಸುದ್ದಿ ಅಂತ ಹಿಡೀತಾರ. ಆ ಇಫಾನಗೂ ಹದಿನಾಕು ದಿನ ಶಿಕ್ಷಾ ಆತು."

"ಹೊಲಿಗಿ ಓದಾಕ ಯಾವ ಸಾಹೇಬ ಬರತಾನ್ರಿ? ಬಂದ್ರ ಬರಲಿ, ಅವಗೂ ಒಂದು ಕೌದಿ ಕೊಡತೇನಿ."

ಎಂಟು ದಿನ ಮನೆಯಲ್ಲಿ ಮಾತಿಲ್ಲ. ರೊಟ್ಟಿ ತಾಟಿಗೆ ಬೀಳುತ್ತಿತ್ತು, ಆದರೆ ಸಪ್ಪಳ ಮಾಡಿ ಬೀಳುತ್ತಿತ್ತು. ಮಹಾಂತಪ್ಪ ಗೇಟಿನಲ್ಲಿ ನಿಂತು ಜೋಯಿಡಾ ಕಡೆಯಿಂದ ಬರುವ ಬಿದಿರಿನ ಲಾರಿಗಳಿಗೆ ಅಡ್ಡಗಟ್ಟಿಗೆ ಎತ್ತಿ ಇಳಿಸುತ್ತ ಒಳಗೊಳಗೆ ಬೇಯುತ್ತಿದ್ದ. ಬರಿಯ ಹೆದರಿಕೆಯಲ್ಲ ಅದು. ಹೆಂಡತಿಗೆ ಹೇಳದೆ ಉಳಿಸಿಕೊಂಡದ್ದು ಒಂದಿತ್ತು.

ಇಟಲಿಯಲ್ಲಿ ಕನ್ನಡದ ಹುಡುಗರ ಕಾಗದ ಓದಿ ಸಾಹೇಬನಿಗೆ ಹೇಳುವ ಕೆಲಸ ಅವನದೇ ಆಗಿತ್ತು. ಉಳಿದವರಿಗಿಂತ ಚಲೋ ಹಿಂದುಸ್ತಾನಿ ಬರುತ್ತದೆಂದು ಕೊಟ್ಟ ಕೆಲಸ, ಅದರ ಹಿಂದೆಯೇ ತೋಳಿನ ಮೇಲಿನ ಎರಡನೇ ಪಟ್ಟಿ ಬಂತು. ಮೊದಲು ಸಾಲು ಬಿಡದೆ ಓದುತ್ತಿದ್ದ. ಆಮೇಲೆ ಬೇಸರ ಬಂತು. ಎಮ್ಮೆ ಕರು ಹಾಕಿತೇ, ಬಾವಿ ಸೋಸಿದಿರಾ, ಅವ್ವನ ಮೊಣಕಾಲು ಹೇಗಿದೆ. ಇದನ್ನೆಲ್ಲ ಯಾರು ತಿರುವಿ ಹೇಳಬೇಕು? ಸಬ್ ಠೀಕ್ ಲಿಖಾ ಹೈ ಸಾಬ್ ಎಂದು ಮುಗಿಸತೊಡಗಿದ. ಕೊನೆಗೆ ಅದೂ ಬೇಡವಾಗಿ, ಇನ್ನು ಹಿಂದುಸ್ತಾನಿಯಲ್ಲಿ ಬರೆಯಿರಿ, ಇಲ್ಲವಾದರೆ ನಿಮ್ಮ ಕಾಗದದ ಕಟ್ಟು ನನ್ನ ಪೆಟ್ಟಿಗೆಯಲ್ಲೇ ಬಿದ್ದಿರುತ್ತದೆ ಎಂದು ಹುಡುಗರಿಗೆ ತಾಕೀತು ಮಾಡಿದ. ಮುಂಡಗೋಡ ಕಡೆಯ ಪಾಳಾ ಎಂಬ ಊರಿನ ಮುದಕಪ್ಪನಿಗೆ ಹಿಂದುಸ್ತಾನಿ ಬರೆಯಲು ಬರುತ್ತಿರಲಿಲ್ಲ. ಅವನು ಬರೆಯುವುದನ್ನೇ ಬಿಟ್ಟ. ಎಂಟು ತಿಂಗಳು ಅವನ ತಾಯಿಗೆ ಮಗನ ಸುದ್ದಿ ಇರಲಿಲ್ಲ. ಯುದ್ಧ ಮುಗಿದ ಮೇಲೆ ಒಮ್ಮೆ ಮುಂಡಗೋಡದ ಸಂತೆಯಲ್ಲಿ ಮುದಕಪ್ಪ ಎದುರಾದ. ಮಹಾಂತಪ್ಪ ಚಹಾಕ್ಕೆ ಕರೆದ. ಮುದಕಪ್ಪ ನಿಂತು, ಕಾಲು ಜೋಡಿಸಿ, ಸಲಾಮು ಹೊಡೆದು, "ಸಬ್ ಠೀಕ್ ಹೈ, ನಾಯಕ ಸಾಬ್" ಎಂದಷ್ಟೇ ಹೇಳಿ ಮೆಣಸಿನಕಾಯಿ ಚೀಲ ಹೊತ್ತು ನಡೆದುಬಿಟ್ಟ.

ಒಂಬತ್ತನೆಯ ದಿನ ಮಹಾಂತಪ್ಪ ತಾನೇ ಪಾರ್ಸಲಿನ ಡಬ್ಬಿ ತಂದ. ಶೇಂಗಾ ಚಟ್ನಿ, ಎಳ್ಳುಂಡೆ, ನಡುವೆ ಆ ಅರಿವೆ. ಮೇಲೊಂದು ಚೀಟಿ ಬರೆದ: ಮಾಂ ನೇ ಭೇಜಾ. ಸಿಲಾಯಿ ಪೂರಾ ಕರೋ. ವಾಪಸ್ ಭೇಜೋ. ತಾಯಿ ಕಳಿಸಿದ್ದು, ಹೊಲಿಗೆ ಮುಗಿಸು, ತಿರುಗಿ ಕಳಿಸು. ಹುಕುಂ ಮಾಡುವ ಕೆಲಸಕ್ಕೆ ಅವನ ಹಿಂದಿ ಚಲೋ ಒದಗಿತು.

"ಇದಕ್ಕ ಮಾತ್ರ ಸಾಕಾಗತೈತಿ ನಿಮ್ಮ ಭಾಷಾ," ಅಂದಳು ಸತ್ತೆವ್ವ. ಎಂಟು ದಿನದಲ್ಲಿ ಮೊದಲ ಮಾತು.

ಜೂನ್ ಕಳೆಯಿತು. ಕಾಳಿ ಹೊಳೆ ಕೆಂಪಾಗಿ ಹರಿಯತೊಡಗಿತು. ಲಾರಿಗಳು ಕಡಿಮೆಯಾದವು. ಗೇಟಿನ ಮುಂದೆ ಹಾದುಹೋಗುವ ಪೋಸ್ಟಮನ್ನನನ್ನು ಮಹಾಂತಪ್ಪ ಕಣ್ಣಿನಲ್ಲೇ ಕೇಳುತ್ತಿದ್ದ, ಅವನು ಸೈಕಲ್ಲಿನ ಮೇಲಿಂದಲೇ ತಲೆ ಅಲ್ಲಾಡಿಸುತ್ತಿದ್ದ. ಮನೆಗೆ ಬಂದರೆ ಸತ್ತೆವ್ವ ಬಾಗಿಲಿಗೆ ಬಂದು ಅವನ ಕೈ ನೋಡಿ ಒಳಗೆ ಹೋಗುತ್ತಿದ್ದಳು. ಆಗಸ್ಟಿನ ಎರಡನೇ ವಾರ ಅರಿವೆಯ ಸಣ್ಣ ಪೊಟ್ಟಣ ಬಂತು. ಒಡೆದು, ಮತ್ತೆ ಅರಗು ಹಾಕಿ, ಮೊಹರು ಒತ್ತಿದ್ದರು. ಪಾಳಿ ಮುಗಿಯುವವರೆಗೆ ಅದನ್ನು ಅಂಗಿಯ ಒಳಗೆ ಇಟ್ಟುಕೊಂಡ. ಒಡೆಯುವುದು ಆಕೆಯ ಹಕ್ಕು.

ಸತ್ತೆವ್ವ ಕಟ್ಟೆಗೆ ಬಂದು, ಬೆಳಕಿಗೆ ಹಿಡಿದು, ಬೆರಳು ಆಡಿಸಿದಳು. ಮಹಾಂತಪ್ಪನಿಗೆ ಕಂಡದ್ದು ಬರಿ ದಾರ. ಅರ್ಧ ಸಣ್ಣ ಹೊಲಿಗೆ, ಅರ್ಧ ದೊಡ್ಡವು, ಸೊಟ್ಟ ಸೊಟ್ಟ. ಆಕೆ ಅಂಚು ತಿರುವಿ ಕೊನೆಯ ಗಂಟು ನೋಡಿದಳು. ಮೂರು ಎಳೆ ಚಾಚಿದ, ಕೋಳಿಕಾಲಿನಂಥ ಗಂಟು.

"ಇದು ಅವನದ," ಅಂದಳು. "ಈ ಗಂಟು ನಾ ಹಾಕೂದು, ನಮ್ಮವ್ವ ಹಾಕೂದು, ಇವ ಹಾಕೂದು. ಜೀವಂತ ಅದಾನ್ರಿ."

"ನಾ ಹೇಳಿದ್ದಿಲ್ಲ?" ಮಹಾಂತಪ್ಪ ಬಾಗಿಲ ತೋಳು ಹಿಡಿದುಕೊಂಡ. "ಸುಮ್ಮನ ನನ್ನ ಜೀವಾ ತಿಂದಿ ನಾಕು ತಿಂಗಳ. ಕಾಗದಾ ಅವನದ—"

"ತಡೀರಿ."

ಆಕೆ ಬೆರಳನ್ನು ಮತ್ತೆ ಹಿಂದಕ್ಕೆ ತಂದಳು. ತನ್ನ ಹೊಲಿಗೆಯ ಮೇಲೆ ಒಮ್ಮೆ, ಮಗನ ಹೊಲಿಗೆಯ ಮೇಲೆ ಒಮ್ಮೆ. ಎರಡೂ ಒಂದೇ ಕಡೆ ವಾಲಿದ್ದವು. ಬಲಕ್ಕೆ.

"ಬಲಗೈಲೆ ಹೊಲದಾನ," ಅಂದಳು. ದನಿ ಏರಲಿಲ್ಲ. "ಕಾಗದಾ ಬರದದ್ದೂ ಬಲಗೈಲೇನ. ಅದಕ ನೆಟ್ಟಗ ನಿಂತಿದ್ವು ಅಕ್ಷರ. ಎಡಗೈಗೆ ಏನೋ ಆಗೈತ್ರಿ ಅವಗ."

ಮಹಾಂತಪ್ಪ ಪೊಟ್ಟಣದಲ್ಲಿದ್ದ ಚೀಟಿ ತೆಗೆದ. ಮೈ ಠೀಕ್ ಹೂಂ. ಅದನ್ನು ಮಡಚಿ ಕಿಸೆಗೆ ಹಾಕಿದ. ಹಿಮದಲ್ಲಿ ಬೆರಳು ಹೋದವೋ, ಗುಂಡೋ, ಲಾರಿಯ ಅಡಿಯಲ್ಲಿ ಸಿಕ್ಕಿತೋ? ಮಗ ಬರೆಯಲೊಲ್ಲನೋ, ಬರೆಯಲು ಅವನಿಗೂ ಇಷ್ಟೇ ಹಿಂದಿಯೋ? ಓದಿ ಹೇಳುವವನು ಯಾವನೋ ಬೇಸತ್ತು, ಸಬ್ ಠೀಕ್ ಸಾಬ್ ಎಂದು ಕಟ್ಟನ್ನು ಬದಿಗೆ ಸರಿಸಿದನೋ?

ಒಳಗೆ ಹೋಗಿ ಪೆನ್ನು, ಹಾಳೆ ತಂದು ಕಟ್ಟೆಯ ಮೇಲೆ ಕೂತ.

"ಹೇಳು."

"ಹೆಂಗ ಹೇಳ್ಲಿ? ನಿಮಗ ಹಿಂದ್ಯಾಗ—"

"ಕನ್ನಡದಾಗ ಬರೀತೇನಿ. ಎಲ್ಲಾ ಹೇಳು. ಕಿವೀದೂ ಹೇಳು, ಕನಸಿಂದೂ ಹೇಳು."

"ಹೊಳ್ಳಿ ಬರತೈತ್ರಿ."

"ಬರಲಿ. ಮತ್ತ ಕಳಸತೇನಿ."

ಆಕೆ ಹೇಳಿದಳು, ಅವನು ಬರೆದ. ಒಂದು ಹಾಳೆ ತುಂಬಿ ಎರಡನೆಯದಕ್ಕೆ ಹೋಯಿತು. ಎಡಗೈ ಏನಾಯಿತು, ಎಷ್ಟು ಬೆರಳಿವೆ, ನೋಯುತ್ತದೆಯೇ, ಯಾರು ಅನ್ನ ಕಲಸಿ ಕೊಡುತ್ತಾರೆ. ಒಂದು ಮಾತೂ ಬಿಡಲಿಲ್ಲ. ನಡುವೆ ಆಕೆಯ ಸುದ್ದಿ ಎಮ್ಮೆಯ ಕಡೆ ಹೊರಳಿತು, ಅವನು ಎಮ್ಮೆಯನ್ನೂ ಬರೆದ.

ಆಮೇಲೆ ಹಾಳೆ ತಿರುವಿ, ಹಿಂದೆ, ಇಂಗ್ಲಿಷ್ ಅಕ್ಷರದಲ್ಲಿ ಬ್ಯಾರಕ್ಕಿನ ಹಿಂದಿಯಲ್ಲಿ ಕಾಗದ ಒಡೆಯುವ ಸಾಹೇಬನಿಗೆ ಬರೆಯತೊಡಗಿದ. ಮೊದಲು ತನ್ನ ಹಳೆಯ ನಂಬರು, ಹೆಸರು, ದರ್ಜೆ. ಸಾಬ್, ಇದನ್ನು ಓದಬಲ್ಲವನನ್ನು ಹುಡುಕಿ. ಅವನು ಎಲ್ಲ ಠೀಕ್ ಎಂದು ಹೇಳಿದರೆ ನಂಬಬೇಡಿ, ಮತ್ತೊಮ್ಮೆ ಓದಿಸಿ. ಆ ಕೆಲಸ ನಾನು ಮಾಡಿದ್ದೇನೆ, ನನಗೆ ಗೊತ್ತು.

"ಅದೇನ್ರಿ ಹಿಂದ ಬರಿಯಾಕತ್ತಿದ್ದು?" ಸತ್ತೆವ್ವ ಬಗ್ಗಿ ಕೇಳಿದಳು.

ಮಹಾಂತಪ್ಪ ಪೆನ್ನು ಕೆಳಗಿಟ್ಟ.

"ಪಾಳಾದಾಗ ಮುದಕಪ್ಪ ಅಂತ ಒಬ್ಬ ಅದಾನ," ಅಂದ. "ಹೇಳತೇನಿ ಕುಂಡ್ರು. ಅದು ಸಣ್ಣದಾಗೂದಿಲ್ಲ."