ಗುರುತಿಸಿದವರು

"ಮೆಲ್ಲಗೆ! ತಲೆ ಹಿಡ್ಕೊಳ್ರಪ್ಪಾ!" ಎಂದು ಚಿಕ್ಕಪ್ಪ ಕೂಗುತ್ತಿದ್ದ. ನಾಲ್ವರು ಸೇರಿ ದೇಹವನ್ನು ಮಂಚದಿಂದ ಎತ್ತುವಾಗ ಹಾಸಿಗೆಯೂ ಅರ್ಧ ಜಾರಿ, ಅದರಡಿಯಿಂದ ಹಳೆಯ ಪತ್ರಿಕೆಯ ಹಾಳೆಗಳು ದಬದಬ ನೆಲಕ್ಕೆ ಬಿದ್ದವು. ಒಂದೊಂದರ ಮಡಿಕೆಯಲ್ಲೂ ಒಂದೊಂದು ಒಣಗಿದ ಗಿಡ.

"ಸಾಯೋವರೆಗೂ ಕಸ ಕೂಡಿಡೋ ಬುದ್ಧಿ ಬಿಡಲಿಲ್ಲವಲ್ಲ ನಮ್ಮಣ್ಣ!"

ಮಗಳು ಹಾಳೆಗಳನ್ನು ಆಯ್ದಳು. ಹನ್ನೊಂದು. ಅಪ್ಪ ಕೊನೆಯ ಸಲ ಹೊರಗೆ ಹೋದಾಗ ತಂದವು. ಹೂ ಒತ್ತುವ ಹಲಗೆಯನ್ನು ಬಿಗಿಯಲು ಕೈಯಲ್ಲಿ ತ್ರಾಣವಿಲ್ಲದೆ, ತನ್ನ ಮೈಭಾರದಲ್ಲೇ ಎರಡು ತಿಂಗಳು ಅವನ್ನು ಒಣಗಿಸಿದ್ದ.

ಸಸ್ಯ ಸಂಗ್ರಹಾಲಯದಲ್ಲಿ ಅವನದು ಮೂವತ್ತೊಂದು ವರ್ಷದ ಅಟೆಂಡರ್ ಕೆಲಸ. ಸಂಬಳ ಬೀರು ಒರೆಸುವುದಕ್ಕೆ. ಆದರೆ ರೈಲು ಹಳಿಯ ಬದಿಯಲ್ಲೋ ಪಾಳು ಜಾಗದಲ್ಲೋ ಅರಳಿದ ಹೂವು ಹುಟ್ಟಾ ಕಾಡಿನದೋ, ಯಾರದೋ ತೋಟ ಬಿಟ್ಟು ಓಡಿಬಂದದ್ದೋ ಎಂದು ಹೇಳಬಲ್ಲವನು ಆ ಕಟ್ಟಡದಲ್ಲಿ ಅವನೊಬ್ಬನೇ. ಹಾಳೆಗೆ ಅಂಟಿಸುವ ಚೀಟಿಯಲ್ಲಿ ಎರಡು ಸಾಲು: ಸಂಗ್ರಹಿಸಿದವರು, ಗುರುತಿಸಿದವರು. ಮೊದಲನೆಯದರಲ್ಲಿ ಅಪ್ಪನ ಹೆಸರು. ಎರಡನೆಯದರಲ್ಲಿ ಯಾವತ್ತೂ ನಿರ್ದೇಶಕರದು. ಮನೆಯಲ್ಲಿ ಅವರನ್ನು 'ದೊಡ್ಡವರು' ಎನ್ನುತ್ತಿದ್ದರು, ಯಾವ ಸುಖಕ್ಕೋ!

*

ಮಗಳಿಗೆ ಆಗ ಒಂಬತ್ತು ವರ್ಷ. ಚರಂಡಿಯ ಪಕ್ಕ ಒಂದು ಹಳದಿ ಹೂವು. ಸುತ್ತ ಮನೆಯ ಸುಳಿವೇ ಇಲ್ಲ.

"ಬೀಜ ನೀರಿನ ಜೊತೆ ಬರುತ್ತೆ ಪುಟ್ಟಿ. ನೀರು ಬಂದ ದಾರೀಲಿ ಮೇಲಕ್ಕೆ ಹೋದ್ರೆ ಮನೆ ಸಿಕ್ಕೇ ಸಿಗುತ್ತೆ."

ಮುಕ್ಕಾಲು ಗಂಟೆ ನಡೆದು, ಒಂದು ಗೇಟು ತಟ್ಟಿ, ಅಪ್ಪ ಹೇಳಿದ್ದ: "ನಿಮ್ಮನೇದು ಓಡಿಹೋಗಿದೆಯಮ್ಮ."

ಆ ಹೆಂಗಸು ಎದೆ ಹಿಡಿದುಕೊಂಡು, "ಅಯ್ಯಯ್ಯೋ, ಯಾರ ಜೊತೆ?" ಎಂದು ಕಿರುಚಿದಳು. ಅಪ್ಪ ಪೆಚ್ಚಾಗಿ ಹೂವನ್ನು ಮುಂದೆ ಹಿಡಿದ. ಹೊಟ್ಟೆ ತುಂಬ ಬೈಗುಳ ತಿಂದರೂ ಅಂಗಳದ ಗಿಡ ನೋಡದೆ ಕದಲಲಿಲ್ಲ. ಅಲ್ಲಿನ ಹೂವಿಗೆ ಮೂರು ಸುತ್ತು ಎಸಳು, ಚರಂಡಿಯದಕ್ಕೆ ಒಂದೇ.

"ಆರೈಕೆ ತಪ್ಪಿದ್ರೆ ಮೊದಲು ಹೋಗೋದು ಅಲಂಕಾರ," ಎಂದ, ವಾಪಸ್ ಬರುವಾಗ. "ಅಷ್ಟಕ್ಕೇ ಕಾಡಿನದು ಅಂದ್ಬಿಡಬಾರದು."

*

ದೊಡ್ಡವರು ಹತ್ತು ಗಂಟೆಗೆ ಬಂದರು. ಹಾರ ಹಾಕಿ, ಎರಡು ನಿಮಿಷ ನಿಂತು, "ನಿಯತ್ತಿನ ಮನುಷ್ಯ," ಎಂದರು. ಆಮೇಲೆ ಮಗಳನ್ನು ಕಿಟಕಿಯ ಬಳಿಗೆ ಕರೆದರು.

"ನಿಮ್ಮಪ್ಪ ಹೇಳಿದ್ದ ಹನ್ನೊಂದು ಹಾಳೆ ಇಲ್ಲೇ ಉಳಿದಿರಬೇಕಲ್ಲಮ್ಮ. ಯಾವುದು ಕಾಡಿನದು, ಯಾವುದು ತೋಟದ್ದು ಅಂತ ಹೇಳೋ ನನ್ನ ಪುಸ್ತಕಕ್ಕೆ ಅವು ಬೇಕು. ಸೋಮವಾರ ಅಚ್ಚಿಗೆ ಹೋಗ್ತಿದೆ."

"ಗುರುತಿಸಿದವರು ಅನ್ನೋ ಕಡೆ ಅಪ್ಪನ ಹೆಸರು ಹಾಕ್ತೀರಾ ಸರ್?"

ದೊಡ್ಡವರು ನಿಟ್ಟುಸಿರು ಬಿಟ್ಟರು. "ನೋಡಮ್ಮ, ಅದಕ್ಕೊಂದು ಪದ್ಧತಿ ಇದೆ. ಬೀರು ಒರೆಸೋರ ಹೆಸರು ಹಾಕಿದ್ರೆ ಪುಸ್ತಕಾನ ಯಾರು ನಂಬ್ತಾರೆ? ಕೊನೇ ಪುಟದಲ್ಲಿ ಸಿಬ್ಬಂದಿಗೆ ವಂದನೆ ಹೇಳಿರ್ತೀನಿ."

"ಹೆಸರು ಹಿಡಿದು?"

"ಸಿಬ್ಬಂದಿ ಅಂದ್ರೆ ಎಲ್ಲರೂ ಬಂದ್ರಲ್ಲ!"

ಚಿಕ್ಕಪ್ಪ ಓಡಿಬಂದ. "ಹೆಣ ಮುಂದಿಟ್ಕೊಂಡು ಇದೆಂಥ ಜಗಳವೇ? ಕೊಟ್ಟು ಕೈ ತೊಳ್ಕೋ. ಇನ್ನೇನು ವ್ಯಾನ್ ಬರುತ್ತೆ."

ಅವಳು ಹಾಳೆಗಳನ್ನು ತಂದುಕೊಟ್ಟಳು.

*

ಹಿಂದೊಮ್ಮೆ ದೊಡ್ಡವರ ಒಂದು ಕಿರುಪುಸ್ತಕ ಬಂದಿತ್ತು. ಅಪ್ಪ ಬೆರಳಿಗೆ ಎಂಜಲು ಹಚ್ಚಿಕೊಂಡು ಒಂದೊಂದೇ ಪುಟ ತಿರುವಿದ. ಅವನ ಹೆಸರು ಎಲ್ಲೂ ಇರಲಿಲ್ಲ. ಮಗಳು ಕೆಂಡವಾದಳು.

"ಹೋಗ್ಲಿ ಬಿಡೇ. ಹೂವಿನ ಹೆಸರು ಒಂದೂ ತಪ್ಪಿಲ್ಲ ನೋಡು. ಅದು ತಪ್ಪಿದ್ದಿದ್ರೆ ನಾನು ಊಟ ಬಿಡ್ತಿದ್ದೆ."

*

ದೊಡ್ಡವರು ಮೊದಲ ಹಾಳೆಯನ್ನು ಬೆಳಕಿಗೆ ಹಿಡಿದರು. ತಿರುಗಿಸಿದರು. ಕನ್ನಡಕ ತೆಗೆದರು, ಹಾಕಿಕೊಂಡರು.

"ಇದು ಕರ್ಣಕುಂಡಲದ ಜಾತಿ, ಅದು ಸರಿ. ಎಸಳು ಒಂದೇ ಸುತ್ತು. ತೋಟದ್ದಾ, ಕಾಡಿನದ್ದಾ? ಅವನೇನಾದ್ರೂ ಹೇಳಿದ್ನಾ?"

ಹೇಳಿದ್ದ. ಮನೆಯ ಹಿಂದಿನ ಮೋರಿ ಮುಗಿಯುವ ಕಡೆಯಿಂದ ಅದನ್ನು ಕಿತ್ತು ತಂದು, ಏದುಸಿರು ಬಿಡುತ್ತ, "ನಮ್ಮನೇದೇ ಓಡಿಹೋಗಿದೆ ಕಣೇ!" ಎಂದು ಅಮ್ಮನ ಮುಂದೆ ಹಿಡಿದು ನಕ್ಕಿದ್ದ.

"ಕಾಡಿನದು," ಎಂದಳು ಮಗಳು. ಅಂದ ಮೇಲೆ ಅಪ್ಪ ಮಲಗಿದ್ದ ಕಡೆ ನೋಡುವ ಧೈರ್ಯ ಬರಲಿಲ್ಲ.

"ಖಂಡಿತಾನಾ?"

ಅಪ್ಪನ ತಲೆಯ ಬಳಿ ಕೂತಿದ್ದ ಅಮ್ಮ ಎದ್ದು ಬಂದಳು. ಅಮ್ಮ ಹಾಳೆ ನೋಡಿದಳು, ಮಗಳ ಮುಖ ನೋಡಿದಳು.

"ಕಾಡಿನದೇ ಸರ್. ಅವರೂ ಹಾಗೇ ಅಂದಿದ್ರು."

"ಮಿಕ್ಕ ಹತ್ತು?"

"ಅವಳು ಹೇಳ್ತಾಳೆ. ಬರ್ಕೊಳ್ಳಿ."

ದೊಡ್ಡವರು ಪೆನ್ನು ತೆಗೆದು ಟಿಪ್ಪಣಿ ಪುಸ್ತಕ ಇಡಲು ಜಾಗ ಹುಡುಕಿದರು. ಕಿಟಕಿಯ ಕಟ್ಟೆಯ ತುಂಬ ಅಮ್ಮನ ಕರ್ಣಕುಂಡಲದ ಕುಂಡ, ಸುತ್ತು ಸುತ್ತು ಎಸಳಿನ ಗುಲಾಬಿ ಬಣ್ಣದ ಹೂವು. ಅಮ್ಮ ಅದನ್ನು ಎರಡೂ ಕೈಯಲ್ಲಿ ಎತ್ತಿ ಸೊಂಟಕ್ಕೆ ಆನಿಸಿಕೊಂಡಳು.

"ಈಗ ಜಾಗ ಸಾಲುತ್ತಾ ಸರ್?"

ಎತ್ತಿದ ರಭಸಕ್ಕೆ ಬಲಿತ ಕಾಯಿಯೊಂದು ಪಟ್ಟೆಂದು ಸಿಡಿದು, ನಾಲ್ಕಾರು ಬೀಜಗಳು ತೆರೆದ ಪುಟದ ಮೇಲೆ ಬಿದ್ದವು. ದೊಡ್ಡವರು ಅವನ್ನು ಉಫ್ ಎಂದು ಊದಿ, ಬರೆಯತೊಡಗಿದರು.