ಕೆಳಗಿನ ಕೇರಿಯ ನಳ

ಬೆಳಗ್ಗೆ ಏಳಕ್ಕೆ ಎಂಜಿನ್ ನೋಡಿಕೊಳ್ಳುವ ಹಯಾತ ಅದನ್ನು ಶುರು ಮಾಡಿದನೆಂದರೆ ಕೆಳಗಿನ ಕೇರಿಯ ನಳಕ್ಕೆ ನೀರು ಬರುತ್ತಿತ್ತು. ಅಬಲೂರಿನಿಂದಾಚೆಯ ಆ ಸಣ್ಣ ಊರಿಗೆ ಇನ್ನೂ ಲೈಟಿನ ಕಂಬ ಬಂದಿರಲಿಲ್ಲ. ಎರಡು ವರ್ಷದ ಹಿಂದೆ ಯಾವುದೋ ಸಂಸ್ಥೆಯವರು ಸೆಗಣಿ ಗ್ಯಾಸಿನಿಂದ ಕರೆಂಟು ಹುಟ್ಟಿಸುವ ಎಂಜಿನ್ನು ಕೂಡಿಸಿ ಹೋಗಿದ್ದರು. ಅದರಿಂದ ಊರಬಾವಿಯ ಮೋಟಾರು ದಿನಕ್ಕೆರಡು ತಾಸು ನಡೆಯುತ್ತಿತ್ತು. ಮನೆಮನೆಯ ಸೆಗಣಿ ಹೊತ್ತು ತಂದು ಗುಂಡಿಯಲ್ಲಿ ಕಲಸುವವಳು ಕೆಳಗಿನ ಕೇರಿಯ ಗುತ್ತೆವ್ವ.

ಗುತ್ತೆವ್ವನ ಕೇರಿಯವರು ಊರಿನ ಸೆಗಣಿ ಮುಟ್ಟಬಹುದಿತ್ತು, ಊರಬಾವಿಯ ಹಗ್ಗ ಮುಟ್ಟುವಂತಿರಲಿಲ್ಲ. ಕಾನೂನು ಏನೇ ಹೇಳಲಿ, ಮೇಲಿನ ಓಣಿಯವರು ಯಾರಾದರೂ ಸೇದಿ ಹಾಕುವತನಕ ಕೊಡ ಇಟ್ಟುಕೊಂಡು ಕೂಡಬೇಕು. ನಳ ಬಂದ ಮೇಲೆ ಆ ಕಾಯುವುದೊಂದು ತಪ್ಪಿತ್ತು.

ಎಂಬತ್ತಾರರ ಬೇಸಿಗೆಯಲ್ಲಿ ಕರೆಂಟಿನ ಆಫೀಸಿನ ಸಾಹೇಬರೊಬ್ಬರು ಜೀಪಿನಲ್ಲಿ ಬಂದರು. "ನಿಮ್ಮೂರಿಗೆ ಕರೆಂಟು ಇದೆಯೆಂದು ಪಟ್ಟಿಯಲ್ಲಿದೆ. ಎಂಜಿನ್ನು ನಿಂತುಹೋಗಿದೆ ಎಂದು ಬರೆದುಕೊಡಿ, ಕಂಬದ ಪಟ್ಟಿಗೆ ಸೇರಿಸುತ್ತೇನೆ" ಎಂದು ಹೇಳಿ ಹೋದರು. ಮರುದಿನವೇ ಪಂಚಾಯ್ತಿ ಕಟ್ಟೆಯ ಮೇಲೆ ಜನ ಸೇರಿತು.

"ಸೆಗಣಿ ಎಂಜಿನ್ನಿಂದ ನನ್ನ ಹೊಲದ ಮೋಟಾರು ತಿರಗತೈತೇನ್ರಿ?" ಎಂದ ಚೇರಮನ್ ಕರಬಸಪ್ಪ. "ಅತ್ತ ದೊಡ್ಡ ಕಾರ್ಖಾನಿಯಾಗ ಕಲ್ಲಿದ್ದಲು ಸುಟ್ಟು ಊರೂರಿಗೆ ಕರೆಂಟ ಕೊಡಾಕತ್ತಾರ. ನಾವಷ್ಟ ಸೆಗಣಿ ಕಲಸ್ಕೋತ ಕುಂದ್ರಬೇಕೇನ?"

ಸಾಲಿಯ ಪ್ರಾಣೇಶ ಮಾಸ್ತರರು ಸುಮ್ಮನಿರಲಾರದೆ ಎದ್ದರು. "ಕಲ್ಲಿದ್ದಲು ಅಗದಷ್ಟೂ ಮುಗೀತದ, ಕರಬಸಪ್ಪ. ಅದರ ಗಾಡಿ ಬರದ ದಿನ ನಮಗ ಕತ್ತಲಿ. ಸೆಗಣಿ ನಾಳೆನೂ ಇರತದ. ಗ್ಯಾಸ್ ತಗದ ಮ್ಯಾಲೂ ಗೊಬ್ಬರ ನಿಮ್ಮ ಹೊಲಕ್ಕ ಬರತದ."

"ಮಾಸ್ತರ, ನಿಮ್ಮ ಹಿತ್ತಲದಾಗ ಎಷ್ಟ ಎಮ್ಮಿ ಅದಾವ್ರಿ?" ಎಂದ ಕರಬಸಪ್ಪ.

ಮಾಸ್ತರರ ಹಿತ್ತಲಲ್ಲಿ ಇದ್ದದ್ದು ಒಂದು ತುಳಸಿಕಟ್ಟೆ. ಸೇರಿದ ಜನರೆಲ್ಲ ನಕ್ಕರು.

"ಸೆಗಣಿ ನಮ್ದು, ಉಪದೇಶ ನಿಮ್ದು. ಮೇವಿಲ್ಲದ ದನ ಎಷ್ಟಂತ ಸೆಗಣಿ ಹಾಕ್ತಾವ? ಹೋದ ವಾರ ಎಂಜಿನ್ನ ಮೂರ ದಿನ ನಿಂತಿತ್ತು, ಮರತ್ರೇನ?" ಅದೂ ಸುಳ್ಳಲ್ಲ.

ಕಟ್ಟೆಯ ಕೆಳಗೆ ದೂರ ನಿಂತಿದ್ದ ಗುತ್ತೆವ್ವ ಬಾಯಿ ಬಿಟ್ಟಳು. "ಎಪ್ಪಾ, ಕಂಬ ಬ್ಯಾಡ ಅನ್ನಂಗಿಲ್ರಿ. ಬರೋತನಕ ಎಂಜಿನ್ ನಡೀಲಿ. ನಮ್ಮ ನಳ ನಿಂದ್ರಿಸಬ್ಯಾಡ್ರಿ."

"ಅದು ನಡದ್ರ ಕಂಬ ಬರೂದಿಲ್ಲಬೇ! ಕಂಬ ಬಂದ ಮ್ಯಾಲ ನಿನ್ನ ನಳಕ್ಕ ಮೂರ ಹೊತ್ತೂ ನೀರು."

ಅರ್ಜಿ ಬರೆಯಬಲ್ಲ ಕೈ ಊರಿಗೆ ಒಂದೇ ಇತ್ತು. ಮಾಸ್ತರರು ಒಲ್ಲೆ ಎನ್ನಬಹುದಿತ್ತು. ಆದರೆ ಜನ ನಕ್ಕದ್ದು ಇನ್ನೂ ಕಿವಿಯಲ್ಲಿತ್ತು, ಮತ್ತೊಮ್ಮೆ ನಗಿಸಿಕೊಳ್ಳುವ ಧೈರ್ಯವಾಗಲಿಲ್ಲ. ದುಂಡಗಿನ ಅಕ್ಷರದಲ್ಲಿ ಬರೆದುಕೊಟ್ಟರು.

ಮರುದಿನದಿಂದ ಯಾರೂ ಸೆಗಣಿ ಕೊಡಲಿಲ್ಲ. ಗುತ್ತೆವ್ವ ಒಂದು ವಾರ ಬರಿ ಬುಟ್ಟಿ ಹಿಡಿದು ಮನೆಮನೆ ತಿರುಗಿದಳು. ಗುಂಡಿ ಒಣಗಿ ಬಿರಿಯಿತು. ಹಯಾತ ಸವಣೂರಿನ ಗ್ಯಾರೇಜು ಸೇರಿದ. ಕರಬಸಪ್ಪ ಕೂಸು ಹುಟ್ಟುವ ಮೊದಲೇ ಕುಲಾವಿ ಹೊಲಿಸಿದ ಹಾಗೆ ಹೊಲಕ್ಕೆ ಹೊಸ ಮೋಟಾರು ತಂದಿಟ್ಟ. ಕಂಬ ಬಂದದ್ದು ಹದಿನಾಲ್ಕು ತಿಂಗಳ ಮೇಲೆ.

ಕರೆಂಟೂ ಬಂತು. ಆದರೆ ಬೆಳಗ್ಗೆ ಇದ್ದರೆ ಮಧ್ಯಾಹ್ನ ಇಲ್ಲ. ಕೇಳಿದರೆ, ಕಲ್ಲಿದ್ದಲು ಬಂದಿಲ್ಲವಂತೆ. ಇದ್ದಾಗ ಹೊಲಹೊಲದ ಮೋಟಾರೆಲ್ಲ ಒಮ್ಮೆಲೇ ಶುರುವಾಗಿ, ಊರಬಾವಿಯ ಮೋಟಾರು ಬರಿ ಗುಂಯ್‌ಗುಟ್ಟಿ ಸುಮ್ಮನಾಗುತ್ತಿತ್ತು. ಕೆಳಗಿನ ಕೇರಿಯ ನಳದಲ್ಲಿ ಜೇಡ ಬಲೆ ಕಟ್ಟಿತು.

ಒಂದು ದಿನ ಮಧ್ಯಾಹ್ನ ಸಾಲಿ ಬಿಟ್ಟು ಬರುವಾಗ ಮಾಸ್ತರರು ಬಾವಿಯ ಹತ್ತಿರ ಗುತ್ತೆವ್ವನನ್ನು ಕಂಡರು. ಬಿಸಿಲಿಗೆ ಸೆರಗು ಹೊದ್ದು ಕೂತಿದ್ದಳು. ಮುಂಜಾನೆಯಿಂದ ಯಾರೂ ನೀರು ಹಾಕಿರಲಿಲ್ಲ. ಸುತ್ತ ಯಾರೂ ಇರಲಿಲ್ಲ. ಮಾಸ್ತರರು ಹಗ್ಗ ಬಿಚ್ಚಿ ಅವಳತ್ತ ಚಾಚಿದರು.

"ತಗೋ, ಗುತ್ತೆವ್ವ. ನೀನ ಸೇದಕೋ. ನಾ ನಿಂತೇನಿ."

ಅವಳು ಹಗ್ಗವನ್ನು ನೋಡಿದಳು, ಮೇಲಿನ ಓಣಿಯ ಬಾಗಿಲುಗಳನ್ನು ನೋಡಿದಳು. ಕೈ ಚಾಚಲಿಲ್ಲ.

"ನೀವು ವರ್ಗಾ ಆಗಿ ಹೋಗ್ತೀರಿ. ನಾ ಇಲ್ಲೇ ಬಾಳೇವು ಮಾಡಬೇಕಲ್ರಿ."

ಮಾಸ್ತರರು ಹಗ್ಗವನ್ನು ಹಿಂದಕ್ಕೆಳೆದುಕೊಂಡರು. "ಆ ಅರ್ಜಿ ನಾ ಬರೀಬಾರದಿತ್ತವ್ವ."

"ನೀವಲ್ಲದಿದ್ರ ಮತ್ತೊಬ್ರು ಬರೀತಿದ್ರು ಬಿಡ್ರಿ. ನೀರು ಹಾಕ್ರಿ, ಹೊತ್ತಾತು."

ಅವಳು ಕೊಡ ನೆಲಕ್ಕಿಟ್ಟು ಹಿಂದೆ ಸರಿದಳು. ಮಾಸ್ತರರು ಸೇದಿದರು. ಎಲ್ಲರೂ ಹಾಕುವ ಹಾಗೆಯೇ, ಕೊಡಕ್ಕೆ ತಾಗದಂತೆ, ಮೇಲಿನಿಂದ ಹಾಕಿದರು.